ಪ್ರಾದೇಶಿಕ ಸ್ನಾತಕೋತ್ತರ ಕೇಂದ್ರದ ನಿರ್ವಹಣೆ: ರಾಯಚೂರು ಸೀಮೆಯನ್ನು ಕುರಿತು

ರಾಜಕೀಯ, ಭದ್ರತೆ, ಅಭಿವೃದ್ಧಿ ಎಂಬ ಮೂರು ವಿಷಯಗಳನ್ನು ಬೇರೆ ಬೇರೆ ವಿಭಾಗಗಳಿಗೆ ಹಂಚಿ ಕಲಿಸುವುದು ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ಪದ್ಧತಿ. ರಾಜ್ಯಶಾಸ್ತ್ರದ ಎಂ.ಎ. ವಿದ್ಯಾರ್ಥಿಗಳು ಸಂವಿಧಾನವನ್ನೂ ರಾಜಕೀಯ ಚಿಂತನೆಯನ್ನೂ ಓದುತ್ತಾರೆ. ಪಕ್ಕದ ಕೊಠಡಿಯಲ್ಲಿ ಅರ್ಥಶಾಸ್ತ್ರದವರು ಯೋಜನೆಗಳ ಲೆಕ್ಕ ಹಾಕುತ್ತಾರೆ. ಭದ್ರತೆಯೆಂಬುದು ಗಡಿ, ಸೈನ್ಯ, ಶಸ್ತ್ರಗಳ ಮಾತಾಗಿ ದೊಡ್ಡ ನಗರಗಳ ಸಂಸ್ಥೆಗಳ ಪಾಲಿಗೆ ಉಳಿದಿದೆ. ಈ ಮೂರನ್ನೂ ಒಂದುಗೂಡಿಸಿ, ಒಂದು ನಿರ್ದಿಷ್ಟ ಪ್ರದೇಶಕ್ಕಾಗಿಯೇ ಸ್ನಾತಕೋತ್ತರ ಶಾಲೆಯನ್ನು ನಡೆಸುವ ಪ್ರಯತ್ನಗಳು ಹೊರನಾಡುಗಳಲ್ಲಿ ನಡೆದಿವೆ. ಕಿರ್ಗಿಜ್‌ಸ್ತಾನದ ಬಿಷ್ಕೆಕ್ ನಗರದಲ್ಲಿ 2002ರಲ್ಲಿ ಯುರೋಪಿನ ಭದ್ರತೆ ಮತ್ತು ಸಹಕಾರ ಸಂಘಟನೆಯ ಹೆಸರಿನಲ್ಲಿ ಸ್ಥಾಪಿತವಾದ ಅಕಾಡೆಮಿ ಅಂಥ ಒಂದು ನಿದರ್ಶನ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಸ್ವತಂತ್ರವಾದ ಮಧ್ಯ ಏಷ್ಯದ ಗಣರಾಜ್ಯಗಳ ಯುವಕಯುವತಿಯರನ್ನೂ ಆಫ್ಘಾನಿಸ್ತಾನದವರನ್ನೂ ಒಂದೇ ತರಗತಿಯಲ್ಲಿ ಕೂಡಿಸಿ ಕಲಿಸುವುದು ಅದರ ಉದ್ದೇಶವಾಗಿತ್ತು. ಅಲ್ಲಿಯ ದೊಡ್ಡ ತೊಡಕುಗಳಲ್ಲಿ ನದೀಜಲವೂ ಒಂದು. ಮೇಲಿನ ನಾಡುಗಳು ವಿದ್ಯುತ್ತಿಗಾಗಿ ನೀರನ್ನು ಹಿಡಿದಿಡುತ್ತವೆ, ಕೆಳಗಿನ ನಾಡುಗಳು ಹತ್ತಿಯ ಹೊಲಗಳಿಗಾಗಿ ಅದನ್ನು ಬೇಡುತ್ತವೆ. ಇದು ರಾಜಕೀಯವೋ ಭದ್ರತೆಯೋ ಅಭಿವೃದ್ಧಿಯೋ ಎಂದು ವಿಂಗಡಿಸಲು ಹೊರಟರೆ ವಿಷಯವೇ ಕೈತಪ್ಪುತ್ತದೆ.

ಅಷ್ಟು ದೂರ ಹೋಗದೆ ಇದೇ ಪ್ರಶ್ನೆಯನ್ನು ನಮ್ಮ ತುಂಗಭದ್ರಾ ಎಡದಂಡೆ ನಾಲೆಯ ಮೇಲೆ ನಿಂತು ಕೇಳಬಹುದು. ಸಿಂಧನೂರು ತಾಲ್ಲೂಕಿನ ಸಾಲಗುಂದದಂಥ ಗ್ರಾಮದಿಂದ ನೋಡುವವನಿಗೆ ಪ್ರಾದೇಶಿಕ ಸ್ನಾತಕೋತ್ತರ ಕೇಂದ್ರವೆಂದರೇನು, ಅದನ್ನು ಹೇಗೆ ನಡೆಸಬೇಕು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡಬೇಕೆಂದಿದೆ. ಪ್ರದೇಶವೆಂಬುದು ಕೇಂದ್ರಕ್ಕೆ ವಿದ್ಯಾರ್ಥಿಗಳನ್ನು ಒದಗಿಸುವ ಕ್ಷೇತ್ರ ಮಾತ್ರವಾಗಿ ಉಳಿದರೆ ಅದು ಹೆಸರಿಗಷ್ಟೇ ಪ್ರಾದೇಶಿಕ. ಆ ಪ್ರದೇಶವೇ ಅದರ ಪಠ್ಯವೂ ಪ್ರಯೋಗಶಾಲೆಯೂ ಆಗಬೇಕು. ಅದಕ್ಕೆ ತಕ್ಕ ಏರ್ಪಾಡು ವರ್ಷದಿಂದ ವರ್ಷಕ್ಕೆ ಕಡಿಯದೆ ನಡೆಯಬೇಕು. ಈ ಲೇಖನದ ವಾದ ಇಷ್ಟೇ.

ಮೊದಲು ಹಿಂದಿನ ಸಂಗತಿ. ರಾಯಚೂರು ಜಿಲ್ಲೆ 1956ರವರೆಗೆ ಹೈದರಾಬಾದು ಸಂಸ್ಥಾನದಲ್ಲಿಯೂ ಅನಂತರದ ಹೈದರಾಬಾದು ರಾಜ್ಯದಲ್ಲಿಯೂ ಇತ್ತು. ಉನ್ನತ ವ್ಯಾಸಂಗವೆಂದರೆ ಹೈದರಾಬಾದಿಗೆ ಹೋಗಬೇಕು, ಅಲ್ಲಿ 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವನ್ನು ಸೇರಬೇಕು. ಆ ವಿದ್ಯಾಸಂಸ್ಥೆಯ ಬೋಧನ ಭಾಷೆ ಉರ್ದು. ಆಧುನಿಕ ಶಾಸ್ತ್ರಗಳನ್ನೆಲ್ಲ ದೇಶಭಾಷೆಯೊಂದರಲ್ಲಿ ಕಲಿಸಲು ಅಲ್ಲಿ ಭಾಷಾಂತರ ಶಾಖೆಯೊಂದನ್ನೇ ತೆರೆದು ಪಾರಿಭಾಷಿಕ ಪದಗಳನ್ನು ಟಂಕಿಸಿದ ಸಾಹಸ ಮೆಚ್ಚತಕ್ಕದ್ದೇ. ಆದರೆ ಸಿಂಧನೂರು, ಲಿಂಗಸುಗೂರು, ಮಾನ್ವಿಗಳ ಕನ್ನಡ ಬಾಲಕನಿಗೆ ಅದು ಇನ್ನೊಬ್ಬರ ದೇಶಭಾಷೆ. 1948ರ ಸೆಪ್ಟೆಂಬರಿನ ಪೋಲೀಸ್ ಕಾರ್ಯಾಚರಣೆಯ ಅನಂತರ ಉರ್ದುವಿನ ಸ್ಥಾನಕ್ಕೆ ಇಂಗ್ಲಿಷು ಬಂದಿತು. ಕನ್ನಡದ ಸ್ಥಿತಿಯಲ್ಲಿ ಅದರಿಂದ ಹೆಚ್ಚಿನ ವ್ಯತ್ಯಾಸವೇನೂ ಆಗಲಿಲ್ಲ. ರಾಜ್ಯ ಪುನರ್ವಿಂಗಡಣೆಯಾದ ಮೇಲೆ ಹೈದರಾಬಾದಿನ ದಾರಿ ಧಾರವಾಡದ ಕಡೆಗೆ ತಿರುಗಿತು. ಕರ್ನಾಟಕ ವಿಶ್ವವಿದ್ಯಾನಿಲಯ 1970ರಲ್ಲಿ ಗುಲಬರ್ಗದಲ್ಲಿ ಸ್ನಾತಕೋತ್ತರ ಕೇಂದ್ರವನ್ನು ತೆರೆಯಿತು. 1980ರಲ್ಲಿ ಅದು ಗುಲಬರ್ಗ ವಿಶ್ವವಿದ್ಯಾನಿಲಯವಾಯಿತು. ಆ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ ರಾಯಚೂರಿನ ಸಮೀಪದ ಯರಗೇರಿಯಲ್ಲಿ ನಡೆಯಿತು. ಕೊನೆಗೆ 2021ರಲ್ಲಿ, ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳನ್ನು ವ್ಯಾಪ್ತಿಯಾಗಿ ಉಳ್ಳ ವಿಶ್ವವಿದ್ಯಾನಿಲಯ ಅಲ್ಲಿಯೇ ಕಾರ್ಯಾರಂಭ ಮಾಡಿತು. ಅದರ ಮೊದಲ ಕುಲಪತಿಗಳಾದ ಡಾ. ಹರೀಶ್ ರಾಮಸ್ವಾಮಿಯವರು ಧಾರವಾಡದಲ್ಲಿ ರಾಜ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ಎಂಬುದು ನಮ್ಮ ವಿಷಯಕ್ಕೆ ಸಂಬಂಧಿಸಿದ ಸಂಗತಿ.

ಹೀಗೆ ಹೈದರಾಬಾದು, ಧಾರವಾಡ, ಗುಲಬರ್ಗ, ಯರಗೇರಿ ಎಂದು ನೂರು ವರ್ಷಗಳಲ್ಲಿ ಉನ್ನತ ಶಿಕ್ಷಣ ವಿದ್ಯಾರ್ಥಿಯ ಕಡೆಗೆ ಮಜಲು ಮಜಲಾಗಿ ನಡೆದುಬಂದಿದೆ. ಸಿಂಧನೂರಿಗೆ 2024ರಲ್ಲಿ ರೈಲೂ ಬಂದಿತು. ದೂರ ಕಡಿಮೆಯಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಧಾರವಾಡದಲ್ಲಿ ಓದುತ್ತಿದ್ದ ಪಠ್ಯವನ್ನೇ ಯರಗೇರಿಯಲ್ಲಿ ಓದುವುದಾದರೆ ಉಳಿದದ್ದು ಪ್ರಯಾಣದ ಖರ್ಚು ಮಾತ್ರ. ಬಡವರ ಮಕ್ಕಳಿಗೆ, ಅದರಲ್ಲಿಯೂ ಹೆಣ್ಣುಮಕ್ಕಳಿಗೆ ಆ ಉಳಿತಾಯ ಸಣ್ಣದಲ್ಲ. ಆದರೂ ಪ್ರಾದೇಶಿಕ ಸಂಶೋಧನೆಯೆಂಬುದು ಅದರಿಂದ ತಾನಾಗಿಯೇ ಹುಟ್ಟಲಾರದು.

ಅದು ಹುಟ್ಟಬೇಕಾದ ಅಗತ್ಯ ಎಷ್ಟೆಂಬುದಕ್ಕೆ ಒಂದು ಉದಾಹರಣೆ ಸಾಕು. ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಲು ನೇಮಕವಾದ ಡಾ. ಡಿ. ಎಂ. ನಂಜುಂಡಪ್ಪನವರ ಉನ್ನತಾಧಿಕಾರ ಸಮಿತಿ 2002ರಲ್ಲಿ ವರದಿ ಒಪ್ಪಿಸಿತು. 35 ಸೂಚಕಗಳನ್ನು ಕೂಡಿಸಿ ಆಗಿನ 175 ತಾಲ್ಲೂಕುಗಳನ್ನು ಅಳೆದು, 114 ತಾಲ್ಲೂಕುಗಳು ಹಿಂದುಳಿದಿವೆಯೆಂದು ಅದು ನಿರ್ಣಯಿಸಿತು. ಇವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಗುಲಬರ್ಗ ವಿಭಾಗದವು. ರಾಯಚೂರು ಜಿಲ್ಲೆಯ ದೇವದುರ್ಗ, ಲಿಂಗಸುಗೂರು, ಮಾನ್ವಿಗಳ ಜೊತೆಗೆ ಸಿಂಧನೂರೂ ಆ ಪಟ್ಟಿಯಲ್ಲಿದೆ. ಮಳೆಯನ್ನೇ ನಂಬಿದ ದೇವದುರ್ಗ ಹಿಂದುಳಿಯಿತೆಂದರೆ ಒಪ್ಪಬಹುದು. ಸಿಂಧನೂರಾದರೋ ಭತ್ತದ ಕಣಜವೆನಿಸಿಕೊಂಡ ತಾಲ್ಲೂಕು. ಅಕ್ಕಿ ಗಿರಣಿಗಳೂ ಟ್ರ್ಯಾಕ್ಟರುಗಳೂ ಹಸುರು ಗದ್ದೆಗಳೂ ಕಣ್ಣಿಗೆ ಎದ್ದು ಕಾಣುವ ಸೀಮೆ. ಇಷ್ಟು ನೀರು, ಇಷ್ಟು ಬೆಳೆ, ಆದರೂ ಅತ್ಯಂತ ಹಿಂದುಳಿದದ್ದು ಹೇಗೆ? ಸೂಚಕಗಳು ದೋಷಯುಕ್ತವೋ, ಅಥವಾ ಭತ್ತದ ಹಣ ಶಾಲೆಗೂ ಆಸ್ಪತ್ರೆಗೂ ತಲುಪದೆ ಬೇರೆಲ್ಲಿಯೋ ಹರಿಯುತ್ತಿದೆಯೋ? 2005ರ ರಾಜ್ಯ ಮಾನವ ಅಭಿವೃದ್ಧಿ ವರದಿಯಲ್ಲಿ ರಾಯಚೂರು ಜಿಲ್ಲೆ 27 ಜಿಲ್ಲೆಗಳಲ್ಲಿ 27ನೆಯದು. ಅಳತೆಗೋಲು ಬದಲಾದರೂ ಫಲ ಬದಲಾಗಲಿಲ್ಲವೆಂಬುದನ್ನು ಇದು ತೋರಿಸುತ್ತದೆ, ಕಾರಣವನ್ನು ಹೇಳುವುದಿಲ್ಲ. ಕಾರಣವನ್ನು ತಿಳಿಯಲು ಒಂದು ಹಳ್ಳಿಯಲ್ಲಿ ಹತ್ತು ವರ್ಷ ಕುಳಿತು ನೋಡುವವರು ಬೇಕು.

ನಾಲೆಯ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ನೀರು ನಿಂತಿತು. ಎಡದಂಡೆ ನಾಲೆಯ ಉದ್ದ 227 ಕಿಲೋಮೀಟರು. ಸುಮಾರು 6 ಲಕ್ಷ ಎಕರೆಗೆ ನೀರುಣಿಸುವುದು ಗುರಿ. ಯೋಜಕರ ಉದ್ದೇಶ ನೀರನ್ನು ತೆಳುವಾಗಿ ದೂರದವರೆಗೆ ಹರಡಿ ಬರಗಾಲದಿಂದ ಜನರನ್ನು ಕಾಪಾಡುವುದಾಗಿತ್ತು. ಆದುದರಿಂದಲೇ ಯಾವ ಜಮೀನಿನಲ್ಲಿ ಯಾವ ಬೆಳೆ ಎಂದು ಸರ್ಕಾರವೇ ಗೊತ್ತುಮಾಡಿತು. ಜೋಳ, ಹತ್ತಿ, ಶೇಂಗಾದಂಥ ಅರೆನೀರಾವರಿ ಬೆಳೆಗಳಿಗೆ ಹೆಚ್ಚು ಭಾಗ, ಭತ್ತಕ್ಕೆ ಕಡಿಮೆ. ನಡೆದದ್ದು ಬೇರೆ. ಕರಾವಳಿ ಆಂಧ್ರದ ಕಾಲುವೆ ಬೇಸಾಯದಲ್ಲಿ ಪಳಗಿದ ಕುಟುಂಬಗಳು ಬಂದು ಭೂಮಿಯನ್ನು ಕೊಂಡು 'ಕ್ಯಾಂಪು'ಗಳನ್ನು ಕಟ್ಟಿಕೊಂಡುವು, ಭತ್ತ ಬೆಳೆಯಿತು, ಸ್ಥಳೀಯರೂ ಆ ದಾರಿಯನ್ನೇ ಹಿಡಿದರು. ಮೇಲ್ಭಾಗದಲ್ಲಿ ಗೊತ್ತುಪಡಿಸಿದ್ದಕ್ಕಿಂತ ಹೆಚ್ಚು ನೀರು ಖರ್ಚಾಗತೊಡಗಿದಾಗ ಮಾನ್ವಿ, ರಾಯಚೂರುಗಳ ಕೊನೆಭಾಗದ ರೈತರಿಗೆ ನಾಲೆ ನಕ್ಷೆಯಲ್ಲಿ ಮಾತ್ರ ಉಳಿಯುವ ಸ್ಥಿತಿ ಬಂದಿತು. ಇದರ ಮೇಲೆ ಜಲಾಶಯದಲ್ಲಿ ಹೂಳು: ಮೊದಲು ಸುಮಾರು 133 ಟಿ.ಎಂ.ಸಿ. ಇದ್ದ ಸಾಮರ್ಥ್ಯ ಈಗ ಸುಮಾರು 106ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ, ಒಂದು ಕಬ್ಬಿಣದ ಸರಪಳಿಯ ಮೇಲೆ ಎಷ್ಟು ಲಕ್ಷ ಜನರ ಅನ್ನ ತೂಗಾಡುತ್ತಿದೆಯೆಂಬುದು ಇಡೀ ನಾಡಿಗೆ ತಿಳಿಯಿತು.

ಭದ್ರತೆಯ ಅಧ್ಯಯನವೆಂದರೆ ಇದೇ ಅಲ್ಲವೆ? ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ 1994ರ ಮಾನವ ಅಭಿವೃದ್ಧಿ ವರದಿ ಭದ್ರತೆಯ ಅರ್ಥವನ್ನು ಗಡಿಯಿಂದ ಮನೆಯೊಳಕ್ಕೆ ತಂದಿತು. ಆದಾಯ, ಆಹಾರ, ಆರೋಗ್ಯ, ಪರಿಸರ, ವ್ಯಕ್ತಿಯ ದೇಹ, ಸಮುದಾಯ, ರಾಜಕೀಯ ಹಕ್ಕು ಎಂಬ ಏಳು ನೆಲೆಗಳಲ್ಲಿ ಮನುಷ್ಯನ ಭದ್ರತೆಯನ್ನು ಕಾಣಬೇಕೆಂದಿತು. ಉಪಕಾಲುವೆಯ ಕೊನೆಯ ತೂಬಿನ ಬಳಿ ಬೇಸಿಗೆಯಲ್ಲಿ ರಾತ್ರಿಯಿಡೀ ಕಾವಲು ಕೂರುವ ರೈತನಿಗೆ ಈ ಏಳೂ ಬೇರೆ ಬೇರೆಯಾಗಿ ತೋರಲಾರವು.

ಈಗ ಒಂದು ಕಹಿಯಾದ ಸಂಗತಿ. ಈ ನಾಲೆಯ ನೀರು ಹಂಚಿಕೆಯ ರಾಜಕೀಯವನ್ನು ಕುರಿತು ಬಂದಿರುವ ಅತ್ಯಂತ ಆಳವಾದ ಗ್ರಂಥ ನನಗೆ ತಿಳಿದಂತೆ ಹಾಲೆಂಡಿನ ವಾಗನಿಂಗನ್ ವಿಶ್ವವಿದ್ಯಾನಿಲಯಕ್ಕೆ ಪೀಟರ್ ಮೊಲಿಂಗ ಅವರು 1998ರಲ್ಲಿ ಒಪ್ಪಿಸಿದ ಪ್ರೌಢಪ್ರಬಂಧ; 2003ರಲ್ಲಿ ಅದು ಇಂಗ್ಲಿಷಿನಲ್ಲಿ ಭಾರತದಲ್ಲಿಯೇ ಅಚ್ಚಾಯಿತು. ತೂಬಿನ ರಚನೆ, ಎಂಜಿನಿಯರರ ಇಕ್ಕಟ್ಟು, ಶಾಸಕರ ಮಧ್ಯಸ್ಥಿಕೆ, ಮೇಲ್ಭಾಗ ಕೆಳಭಾಗಗಳ ಜಗ್ಗಾಟ ಇವನ್ನೆಲ್ಲ ಅವರು ಹೊಲದ ಬದುವಿನ ಮೇಲೆ ನಿಂತು ನೋಡಿ ಬರೆದರು. ನದಿಯ ಆಚೆಯ ದಡದಲ್ಲಿರುವ ಕರ್ನೂಲು ಜಿಲ್ಲೆಯ ಕಾಲುವೆ ಗ್ರಾಮಗಳನ್ನು ಕುರಿತು ರಾಬರ್ಟ್ ವೇಡ್ ಅವರ ಪ್ರಸಿದ್ಧ ಗ್ರಂಥ 1988ರಲ್ಲಿಯೇ ಬಂದಿತ್ತು. ನೀರಿನ ಅಭಾವ ಹೆಚ್ಚಿರುವ ಕೊನೆಭಾಗದ ಹಳ್ಳಿಗಳೇ ಒಗ್ಗೂಡಿ, ಊರ ಹಣದಿಂದ ನೀರುಗಂಟಿಗಳನ್ನೂ ಹೊಲ ಕಾಯುವವರನ್ನೂ ನೇಮಿಸಿಕೊಳ್ಳುತ್ತವೆಂಬುದು ಅವರು ಕಂಡ ಸಂಗತಿ. ಪರದೇಶದ ವಿದ್ವಾಂಸರು ಬಂದು ಅಧ್ಯಯನ ಮಾಡಿದರೆಂದು ನಾವು ಮುನಿಸಿಕೊಳ್ಳಬೇಕಾದುದಿಲ್ಲ. ಅವರ ಶ್ರಮಕ್ಕೆ ನಾವು ಋಣಿಗಳು. ಆದರೆ ಸಂಶೋಧಕ ಊರಿಗೆ ಮರಳಿದ ಮೇಲೆ ಅವನ ಟಿಪ್ಪಣಿ ಪುಸ್ತಕಗಳೂ ಮರಳಿದುವು. ವೇಡ್ ಅವರ ತೀರ್ಮಾನ ನದಿಯ ಈಚೆ ದಡದಲ್ಲಿ, ಸಿಂಧನೂರು ಮಾನ್ವಿಗಳ ಉಪಕಾಲುವೆಗಳಲ್ಲಿ ನಿಲ್ಲುತ್ತದೆಯೆ? ಮೊಲಿಂಗ ಅವರು ಕಂಡ ಸ್ಥಿತಿ ಮೂವತ್ತು ವರ್ಷಗಳ ಮೇಲೆ, ನೀರಾವರಿ ಕಾಯಿದೆಗೆ ತಿದ್ದುಪಡಿಯಾಗಿ ನೀರು ಬಳಕೆದಾರರ ಸಹಕಾರ ಸಂಘಗಳು ಬಂದ ಮೇಲೆ, ಹೇಗಿದೆ? ಇವು ರಾಯಚೂರಿನ ಎಂ.ಎ. ವಿದ್ಯಾರ್ಥಿ ಬಸ್ಸು ಹತ್ತಿ ಹೋಗಿ ಕೇಳಬಹುದಾದ ಪ್ರಶ್ನೆಗಳು.

ಇದರ ಪಕ್ಕದಲ್ಲಿ ಕೃಷಿವಿಜ್ಞಾನಿಗಳ ಏರ್ಪಾಡನ್ನು ಇಟ್ಟು ನೋಡಿರಿ. ಇದೇ ಅಚ್ಚುಕಟ್ಟಿನ ಗಂಗಾವತಿಯಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ; ನೀರು ನಿಂತು ಸವಳಾದ ಭೂಮಿಯ ಪರೀಕ್ಷೆ ಅಲ್ಲಿ ಬಹುಕಾಲದಿಂದ ನಡೆದಿದೆ. 2009ರಲ್ಲಿ ರಾಯಚೂರಿನಲ್ಲಿ ಸ್ಥಾಪಿತವಾದ ಕೃಷಿ ವಿಶ್ವವಿದ್ಯಾನಿಲಯದ ಅಧೀನದಲ್ಲಿ ಆ ಕೆಲಸ ಮುಂದುವರಿದಿದೆ. ಒಬ್ಬ ವಿಜ್ಞಾನಿ ವರ್ಗವಾಗಿ ಹೋದರೂ ಪರೀಕ್ಷೆಯ ತಾಕು ಅಲ್ಲಿಯೇ ಇರುತ್ತದೆ, ದಾಖಲೆಯ ಪುಸ್ತಕ ಅಲ್ಲಿಯೇ ಇರುತ್ತದೆ. ಮಣ್ಣು ಸವಳಾದದ್ದನ್ನು ಅಳೆಯಲು ಒಂದು ಕೇಂದ್ರವಿದೆ. ಅದನ್ನು ಸವಳು ಮಾಡಿದ ನೀರಿನ ರಾಜಕೀಯವನ್ನು ಅಳೆಯಲು ಯಾವುದೂ ಇಲ್ಲ. ಸಮಾಜವಿಜ್ಞಾನಕ್ಕೆ ಪ್ರಯೋಗಕ್ಷೇತ್ರ ಬೇಡವೆಂಬ ಭಾವನೆ ನಮ್ಮಲ್ಲಿ ಹೇಗೋ ನೆಲೆಯೂರಿದೆ.

ಸಂಶೋಧನೆಯ ಅಖಂಡತೆಗೆ ಅಧ್ಯಾಪಕರೇ ಆಧಾರವಾದುದರಿಂದ, ಕೇಂದ್ರದ ನಿರ್ವಹಣೆಯಲ್ಲಿ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಹುದ್ದೆಗಳದು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ ನಿಯಮದಂತೆ ಏಕಕಾಲದಲ್ಲಿ ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡಬಹುದು. ಮಾರ್ಗದರ್ಶಕರು ಪೂರ್ಣಾವಧಿಯ ಖಾಯಂ ಅಧ್ಯಾಪಕರಾಗಿರಬೇಕು. ಲೆಕ್ಕ ಹಾಕಿದರೆ, ಒಬ್ಬ ಪ್ರಾಧ್ಯಾಪಕ, ಒಬ್ಬ ಸಹ ಪ್ರಾಧ್ಯಾಪಕ, ಇಬ್ಬರು ಸಹಾಯಕ ಪ್ರಾಧ್ಯಾಪಕರು ಇರುವ ಚಿಕ್ಕ ವಿಭಾಗ ಕೂಡ 22 ಜನ ಸಂಶೋಧಕರನ್ನು ಸಾಕಬಲ್ಲದು. ಆ ನಾಲ್ಕೂ ಹುದ್ದೆಗಳು ಖಾಲಿಯಿದ್ದು ಅತಿಥಿ ಉಪನ್ಯಾಸಕರು ತರಗತಿಗಳನ್ನು ಎಷ್ಟೇ ಶ್ರದ್ಧೆಯಿಂದ ನಡೆಸಿದರೂ ಸಂಶೋಧಕರ ಸಂಖ್ಯೆ ಸೊನ್ನೆ. ಪಾಠ ನಡೆಯುತ್ತಿದೆಯೆಂಬ ಕಾರಣದಿಂದ ಕೇಂದ್ರ ನಡೆಯುತ್ತಿದೆಯೆಂದು ಹೊರಗಿನವರು ತಿಳಿಯುತ್ತಾರೆ. ವರ್ಷ ವರ್ಷವೂ ಹೊಸದಾಗಿ ನೇಮಕವಾಗುವ ಉಪನ್ಯಾಸಕನಿಂದ ಹತ್ತು ವರ್ಷಗಳ ಕ್ಷೇತ್ರಾಧ್ಯಯನವನ್ನು ನಿರೀಕ್ಷಿಸುವುದು ನ್ಯಾಯವೂ ಅಲ್ಲ.

ವಿದ್ಯಾರ್ಥಿಗಳ ವಿಷಯದಲ್ಲಿ ಅಷ್ಟು ಚಿಂತೆಗೆ ಕಾರಣವಿಲ್ಲ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371(ಜೆ) ಅನುಚ್ಛೇದದ ಮೇರೆಗೆ ಈ ಭಾಗದ ವಿದ್ಯಾಸಂಸ್ಥೆಗಳಲ್ಲಿ 100ಕ್ಕೆ 70 ಸ್ಥಾನಗಳು ಸ್ಥಳೀಯರಿಗೆ ಮೀಸಲಾಗಿವೆ. ಇದರಿಂದ ಕೇಂದ್ರ ಬಾವಿಯ ಕಪ್ಪೆಯಾಗುವುದೆಂದು ಕೆಲವರು ಆಕ್ಷೇಪಿಸುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ನಾಲೆಯ ನೀರು ಯಾವ ದಿನ ಬಿಟ್ಟರೆಂಬುದನ್ನು ಮನೆಯ ಊಟದ ತಟ್ಟೆಯಿಂದಲೇ ಬಲ್ಲ ವಿದ್ಯಾರ್ಥಿ, ಆ ವಿಷಯದಲ್ಲಿ ಹೊರಗಿನ ಸಂಶೋಧಕನಿಗಿಂತ ಎರಡು ವರ್ಷ ಮುಂದಿರುತ್ತಾನೆ. ಅವನಿಗೆ ಬೇಕಾದುದು ತನ್ನ ಊರನ್ನು ದೂರದಿಂದ ನೋಡುವ ಶಿಕ್ಷಣ. ಉಳಿದ 30 ಸ್ಥಾನಗಳಿಗೆ ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಬಯಲಿನಿಂದಲೋ ಕರ್ನೂಲಿನಿಂದಲೋ ಬಂದವರು ಜೊತೆಗಿದ್ದರೆ ಆ ದೂರ ತಾನಾಗಿಯೇ ದೊರೆಯುತ್ತದೆ. ಬಿಷ್ಕೆಕ್ಕಿನ ತರಗತಿಯ ಗುಣ ಅದೇ.

ಬೋಧನ ಭಾಷೆಯ ಪ್ರಶ್ನೆಯಲ್ಲಿ ಬಿಷ್ಕೆಕ್ಕಿನ ಮಾದರಿ ನಮಗೆ ಒಗ್ಗದು. ಹಲವು ಭಾಷೆಗಳ ನಾಡುಗಳಿಂದ ಬಂದವರಿಗೆ ಅಲ್ಲಿ ಇಂಗ್ಲಿಷೇ ಸೇತುವೆ. ನಮಗೆ ಹತ್ತಿರದ ಮಾದರಿ ಹಂಪಿಯದು. 1991ರಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾನಿಲಯದಲ್ಲಿ ಅಭಿವೃದ್ಧಿ ಅಧ್ಯಯನಕ್ಕೆ ಒಂದು ವಿಭಾಗವೇ ಇದೆ, ಡಾ. ಟಿ. ಆರ್. ಚಂದ್ರಶೇಖರ ಅವರು ಅಲ್ಲಿದ್ದು ಪ್ರಾದೇಶಿಕ ಅಸಮಾನತೆ, ಲಿಂಗ ಸಂಬಂಧ, ಮಾನವ ಅಭಿವೃದ್ಧಿಗಳನ್ನು ಕುರಿತು ಕನ್ನಡದಲ್ಲಿಯೇ ಬರೆದು, ಅಂಕಿ ಅಂಶಗಳ ಶಾಸ್ತ್ರವನ್ನು ನಮ್ಮ ಭಾಷೆಯಲ್ಲಿ ಹೇಳಬಹುದೆಂದು ತೋರಿಸಿದರು. ಇದು ಭಾಷಾಭಿಮಾನದ ಮಾತಲ್ಲ. ರೈತ, ಲಸ್ಕರು, ಗ್ರಾಮ ಪಂಚಾಯಿತಿಯ ಸದಸ್ಯೆ ಇವರ ಬಾಯಿಂದ ಬಂದ ಮಾಹಿತಿ ಇಂಗ್ಲಿಷಿಗೆ ಹೋಗಿ ಗ್ರಂಥವಾದರೆ, ಅದು ಸರಿಯೋ ತಪ್ಪೋ ಎಂದು ಹೇಳಬಲ್ಲವರು ಅದನ್ನು ಓದಲಾರರು. ಕನ್ನಡದಲ್ಲಿ ಬರೆದ ಪ್ರಬಂಧವನ್ನು ಸಾಲಗುಂದದ ಪದವೀಧರನೊಬ್ಬ ಓದಿ 'ಇದು ಹೀಗಲ್ಲ' ಎನ್ನಬಲ್ಲನು; ಪರೀಕ್ಷಕರ ಒಪ್ಪಿಗೆಗಿಂತ ಆ ಆಕ್ಷೇಪ ಹೆಚ್ಚು ಬೆಲೆಯುಳ್ಳದ್ದು. ಇಂಗ್ಲಿಷನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಮೊಲಿಂಗ, ವೇಡ್ ಇವರನ್ನು ಓದದೆ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿಡಲಾಗದು. ಓದು ಎರಡು ಭಾಷೆಗಳಲ್ಲಿ, ಬರಹ ಕನ್ನಡದಲ್ಲಿ, ವಿವರವಾದ ಸಾರಾಂಶ ಇಂಗ್ಲಿಷಿನಲ್ಲಿ ಎಂಬ ಕ್ರಮ ಸಾಧುವೆಂದು ತೋರುತ್ತದೆ.

ಪಠ್ಯಕ್ರಮದಲ್ಲಿ ನೀರಿನ ಜೊತೆಗೆ ಸೇರಬೇಕಾದ ಇನ್ನೊಂದು ವಿಷಯವೂ ಸಿಂಧನೂರಿನ ಸುತ್ತಲೇ ಇದೆ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ಈ ತಾಲ್ಲೂಕಿನಲ್ಲಿ ಪುನರ್ವಸತಿ ಕಲ್ಪಿಸಲಾಯಿತು. ಅವರ ವಸತಿಗಳನ್ನು ಇಂದಿಗೂ ಜನ ಆರ್.ಎಚ್. ಕ್ಯಾಂಪುಗಳೆಂದೇ ಕರೆಯುತ್ತಾರೆ. ಅಲ್ಲಿ ಹುಟ್ಟಿದ ಮಕ್ಕಳು ಕನ್ನಡ ಶಾಲೆಗಳಲ್ಲಿ ಓದಿದರು. 2019ರಲ್ಲಿ ಪೌರತ್ವ ಕಾಯಿದೆಗೆ ತಿದ್ದುಪಡಿಯಾಗಿ, 2024ರಲ್ಲಿ ಅದರ ನಿಯಮಗಳು ಬಂದ ಮೇಲೆ ಇಲ್ಲಿಯ ಕೆಲವರಿಗೆ ಪೌರತ್ವದ ಪ್ರಮಾಣಪತ್ರ ದೊರೆಯಿತು. ದೇಶವಿಭಜನೆ, ಗಡಿ, ಪೌರತ್ವ, ಭೂಮಿಯ ಹಕ್ಕು, ಪಂಚಾಯಿತಿ ಚುನಾವಣೆ ಇವು ಒಂದೇ ಕ್ಯಾಂಪಿನ ಒಂದೇ ಮನೆಯ ಮೂರು ತಲೆಮಾರುಗಳಲ್ಲಿ ಕೂಡಿಕೊಂಡಿವೆ. ಮೊದಲ ತಲೆಮಾರಿನವರ ನೆನಪುಗಳನ್ನು ಬರೆದಿಡಲು ಇನ್ನು ಹೆಚ್ಚು ವರ್ಷ ಉಳಿದಿಲ್ಲ.

ಇವೆಲ್ಲಕ್ಕೂ ದೊಡ್ಡ ಮೊಬಲಗು ಬೇಕೆಂದು ತಿಳಿಯಬೇಕಾದುದಿಲ್ಲ. 1972ರಲ್ಲಿ ಡಾ. ವಿ. ಕೆ. ಆರ್. ವಿ. ರಾವ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯಂಥ ಕಟ್ಟಡಗಳೂ ಗ್ರಂಥಾಲಯವೂ ಪ್ರತಿ ಜಿಲ್ಲೆಗೂ ಬರಲಾರವು, ಬರಬೇಕಾಗಿಯೂ ಇಲ್ಲ. ಒಂದು ಉಪಕಾಲುವೆಯ ಬದಿಯ ಹಳ್ಳಿಯಲ್ಲಿ ಬಾಡಿಗೆಗೆ ಹಿಡಿದ ಎರಡು ಕೋಣೆಯ ಮನೆ ಸಾಕು. ಅಲ್ಲಿ ಪ್ರತಿವರ್ಷವೂ ಇಬ್ಬರು ಎಂ.ಎ. ವಿದ್ಯಾರ್ಥಿಗಳು ಒಂದು ಸೆಮಿಸ್ಟರನ್ನು ಕಳೆಯಬೇಕು. ಉಪಕಾಲುವೆಯ ಮುಖದಲ್ಲಿಯೂ ಕೊನೆಯ ತೂಬಿನಲ್ಲಿಯೂ ನೀರಿನ ಮಟ್ಟ, ನೀರು ಬಂದ ದಿನ, ನಿಂತ ದಿನ, ಮುನಿರಾಬಾದಿನ ನೀರಾವರಿ ಸಲಹಾ ಸಮಿತಿಯ ನಿರ್ಣಯಕ್ಕೂ ಹೊಲಕ್ಕೆ ಬಂದ ನೀರಿಗೂ ಇರುವ ಅಂತರ, ಗ್ರಾಮಸಭೆ ನಡೆದ ದಿನ ಮತ್ತು ಹಾಜರಾತಿ, ನಾಟಿಯ ಕೂಲಿ, ಭತ್ತದ ಧಾರಣೆ, ಗುಳೆ ಹೋದ ಮನೆಗಳ ಸಂಖ್ಯೆ ಇಷ್ಟನ್ನು ಒಂದೇ ಮಾದರಿಯ ಪುಸ್ತಕದಲ್ಲಿ ಬರೆಯುತ್ತ ಹೋಗಬೇಕು. ಒಬ್ಬ ಪಿಎಚ್.ಡಿ. ವಿದ್ಯಾರ್ಥಿಗೆ ನಿಯಮದಂತೆ ಮೂರರಿಂದ ಆರು ವರ್ಷ. ಬರಗಾಲದ ವರ್ಷ, ತುಂಬು ವರ್ಷ, ಚುನಾವಣೆಯ ವರ್ಷ ಇವೆಲ್ಲ ಆ ಅವಧಿಯಲ್ಲಿ ಬರುವುದೆಂಬ ಭರವಸೆಯಿಲ್ಲ. ಪುಸ್ತಕ ಹತ್ತು ವರ್ಷದ್ದಾದರೆ ಹೊಸದಾಗಿ ಬಂದವನು ಮೊದಲ ದಿನವೇ ಹತ್ತು ವರ್ಷ ಹಿಂದಕ್ಕೆ ನೋಡಬಲ್ಲನು.

ಆ ಪುಸ್ತಕದ ಒಂದು ಪ್ರತಿ ಯರಗೇರಿಯ ಗ್ರಂಥಾಲಯದಲ್ಲಿರಲಿ. ಇನ್ನೊಂದು ಆ ಹಳ್ಳಿಯ ಪಂಚಾಯಿತಿ ಕಚೇರಿಯಲ್ಲಿ, ಯಾರು ಬೇಕಾದರೂ ತೆರೆದು ನೋಡುವಂತೆ ಮೇಜಿನ ಮೇಲಿರಬೇಕು. ತಪ್ಪು ನಮೂದಾದ ದಿನಾಂಕವನ್ನು ರೈತರೇ ಬಂದು ತಿದ್ದಿಸಲು ಅಂಚಿನಲ್ಲಿ ಸ್ವಲ್ಪ ಜಾಗ ಬಿಟ್ಟಿರುವುದು ಒಳ್ಳೆಯದು.